ಹಣಮೇಶನಿಗೆ ಕೇಳದ ಕೆಂಡ

ಸುರಪುರದ ಹಣಮೇಶ ಹಗಲು ಶಹಾಪುರದ ಹೊರಗಿನ ಒಂದು ಹತ್ತಿ ಜಿನ್ನಿಂಗ್ ಮಿಲ್ಲಿನಲ್ಲಿ ಫಿಟ್ಟರ್. ಮದುವೆ ಸೀಸನ್ ಬಂತೆಂದರೆ ಆರ್ಕೆಸ್ಟ್ರಾ ಒಂದರಲ್ಲಿ ಬೇಸ್ ಗಿಟಾರ್ ನುಡಿಸುತ್ತಿದ್ದ. ಇವೆರಡಕ್ಕಿಂತ ಹೆಚ್ಚಾಗಿ ಅವನನ್ನು ನಾಲ್ಕು ಜನ ಗುರುತಿಸುತ್ತಿದ್ದದ್ದು ಅವನ ಯೂಟ್ಯೂಬ್ ಚಾನೆಲ್‌ನಿಂದ. ಗಿಟಾರು, ಸ್ಪೀಕರು, ಪೆಡಲುಗಳ ಗುಣದೋಷವನ್ನು ಕನ್ನಡದಲ್ಲಿ, ಅದೂ ಈ ಕಡೆಯ ಮಾತಿನಲ್ಲಿ ಹೇಳುವವನು ಅವನೊಬ್ಬನೇ ಇದ್ದ. ಯಾರಿಂದಲೂ ಪುಕ್ಕಟೆ ಸಾಮಾನು ತೆಗೆದುಕೊಳ್ಳುತ್ತಿರಲಿಲ್ಲ. ಸ್ವಂತ ದುಡ್ಡಿನಲ್ಲಿ ಕೊಂಡು, ನುಡಿಸಿ, ಅನಿಸಿದ್ದನ್ನು ಹೇಳಿ, ಆಮೇಲೆ ಮಾರಿಬಿಡುತ್ತಿದ್ದ. ಹಾಗಾಗಿ ರಾಯಚೂರಿನಿಂದ ಬೀದರದವರೆಗಿನ ವಾದಕರು ಅವನ ಮಾತು ನಂಬುತ್ತಿದ್ದರು.

ಆ ವರ್ಷ ಎಲ್ಲರ ಬಾಯಲ್ಲಿ ‘ಕೆಂಡ’ದ ಹೆಸರಿತ್ತು. ಅದೊಂದು ಫಜ್ ಪೆಡಲ್. ವಾದಕರು ಕಾಲ ಬುಡದಲ್ಲಿಟ್ಟುಕೊಂಡು ತುದಿಗಾಲಿನಿಂದ ಒತ್ತುವ ಅಂಗೈಯಗಲದ ಡಬ್ಬಿ. ಗಿಟಾರಿನ ನುಣುಪಾದ ಸ್ವರ ಅದರೊಳಗೆ ಹೊಕ್ಕು ಹರಿದು, ಮುಳ್ಳುಮುಳ್ಳಾಗಿ, ತಗಡಿನ ಡಬ್ಬಿಯಲ್ಲಿ ಜೇನುಹುಳು ಹೊಕ್ಕಂತೆ ಸ್ಪೀಕರಿನಿಂದ ಹೊರಬರುತ್ತದೆ. ಕೆಂಡವನ್ನು ಮಾಡುತ್ತಿದ್ದವಳು ರಾಯಚೂರಿನ ಅಲ್ಮಾಸ ಎಂಬ ಹುಡುಗಿ. ಮನೆಯ ಮೇಜಿನ ಮೇಲೆ ಒಂದೊಂದನ್ನೇ ಕೈಯಿಂದ ಬೆಸುಗೆ ಹಾಕಿ, ಮೇಲೆ ತಾನೇ ಕೆಂಪು ಕಪ್ಪು ಬಣ್ಣ ಬಳಿದು ಕಳಿಸುತ್ತಿದ್ದಳು. ಹಣಮೇಶ ಹೆಸರು ಬರೆಸಿ, ಸರದಿ ಕಾದು ಕೊಂಡ.

ಪಾರ್ಸೆಲ್ ಬಂದ ದಿನ ಪಡಸಾಲೆಯಲ್ಲಿ ಕೂತು ನುಡಿಸಿ ನೋಡಿದ. ದಪ್ಪ ತಂತಿ ಮಿಡಿದರೆ ನೆಲ ಅದುರುವಂಥ ದನಿ ಬಂತು. ಆದರೆ ಫಜ್‌ನಲ್ಲಿರಬೇಕಾದ ಆ ಕಿಡಿ, ಆ ಚುರುಕು ಬರಲಿಲ್ಲ. ದನಿಯ ಹರಿತ ಹೆಚ್ಚು ಕಡಿಮೆ ಮಾಡುವ ‘ಟೋನ್’ ಗುಂಡಿಯನ್ನು ಕೊನೆಯವರೆಗೆ ತಿರುಗಿಸಿದ. ಬ್ಯಾಟರಿ ಬದಲಿಸಿದ. ಬೇರೆ ವಯರ್ ಹಾಕಿದ. ದನಿ ಕಂಬಳಿ ಹೊದ್ದು ಮಾತಾಡಿದಂತೆಯೇ ಉಳಿಯಿತು. ಹೆಂಡತಿ ಚಂದ್ರಕಲಾ ಅಡುಗೆಮನೆಯ ಬಾಗಿಲನ್ನು ದಡ್ಡನೆ ಮುಚ್ಚಿಕೊಂಡಳು. ಅವಳಿಗೆ ಈ ಗದ್ದಲವೇ ಆಗದು ಎಂದುಕೊಂಡು ಅವನು ಮೊಬೈಲನ್ನು ಎದುರಿಗೆ ನಿಲ್ಲಿಸಿ ವಿಡಿಯೊ ಮಾಡಿದ.

“ದನಿ ಮಂಕ ಅದ. ಇದಕ್ಕ ಹೊಟ್ಟಿ ಅದ, ಹಲ್ಲಿಲ್ರಿ,” ಎಂದ ಕೊನೆಯಲ್ಲಿ. “ಇಷ್ಟು ದಿನ ಕಾಯೋ ಅಂಥಾದ್ದು ಇದರಾಗ ಏನೂ ಇಲ್ಲ.”

ಆ ಮಾತು ಜನರಿಗೆ ಹಿಡಿಸಿತು. ಹೊಟ್ಟೆ ಇದೆ, ಹಲ್ಲಿಲ್ಲ ಎಂದು ವಾದಕರ ವಾಟ್ಸ್ಆಪ್ ಗುಂಪುಗಳಲ್ಲಿ ನಗೆಯಾಡಿದರು. ಸರದಿಯಲ್ಲಿದ್ದವರು ಒಬ್ಬೊಬ್ಬರಾಗಿ ಹಿಂದೆ ಸರಿದರು. ಕೆಲವರು ಮಾತ್ರ ವಿಡಿಯೊದ ಕೆಳಗೆ, ‘ಅಣ್ಣಾ, ಮಂಕು ಎಲ್ಲಿದೆ?’ ಎಂದು ಬರೆದಿದ್ದರು. ಅವರು ಆ ಹುಡುಗಿಯ ಕಡೆಯವರಿರಬೇಕು ಎಂದು ಹಣಮೇಶ ಅಂದುಕೊಂಡ.

ವಾರದೊಳಗೆ ಅಲ್ಮಾಸ ಫೋನ್ ಮಾಡಿದಳು.

“ಹಣಮೇಶ ಭಾಯ್, ನಿಮ್ಮ ವಿಡಿಯೊ ಮತ್ತ ಮತ್ತ ಕೇಳೀನ್ರಿ. ಅದರಾಗ ಪೆಡಲ್ ಛಲೋನೇ ಕೇಳಸ್ತದ. ನೀವು ಮಾತ್ರ ಮಂಕ ಅಂತೀರಿ. ನಿಮ್ಮ ವಿಡಿಯೊ ನೀವು ಕೇಳೀರೇನು?”

“ನಾ ಕೇಳಿದ್ದು ನಾ ಹೇಳೀನಮ್ಮಾ. ಸುಳ್ಳು ಹೊಗಳೋದು ನನಗ ಬರಂಗಿಲ್ಲ,” ಎಂದು ಹಣಮೇಶ ಫೋನ್ ಇಟ್ಟ. ವಿಡಿಯೊ ಹಾಕಿ ಕೇಳಿದ. ಅದೇ ಮಂಕು. ಹುಡುಗಿಗೆ ಸಿಟ್ಟು ಬಂದಿದೆ, ಅಷ್ಟೆ ಎಂದು ಸಮಾಧಾನ ಮಾಡಿಕೊಂಡ.

ಪೆಡಲನ್ನು ಮಾರಾಟಕ್ಕೆ ಹಾಕಿದಾಗ ಯಾದಗಿರಿ ಹತ್ತಿರದ ಬಳಿಚಕ್ರ ಊರಿನ ಬಸು ಮುಂದೆ ಬಂದ. ಅವನೂ ಬೇಸ್ ನುಡಿಸುವವನೇ, ವಯಸ್ಸಿನಲ್ಲಿ ಚಿಕ್ಕವನು. ಯಾದಗಿರಿ ಸ್ಟೇಷನ್ ರೋಡಿನಲ್ಲಿ ಆಂಪ್ಲಿಫೈಯರ್ ರಿಪೇರಿ ಮಾಡುವ ಅಂಗಡಿಯೊಂದರಲ್ಲಿ ನುಡಿಸಿ ನೋಡುವುದೆಂದು ಮಾತಾಯಿತು. ಬಸು ಗಿಟಾರ್ ಸಿಕ್ಕಿಸಿ, ಕೆಂಡವನ್ನು ಒತ್ತಿ, ತಂತಿ ಎಳೆದ. ಎಳೆದವನೇ ಹೌಹಾರಿ ಹಿಂದೆ ಸರಿದ. ಅಂಗಡಿಯವನು ಕೈಯಲ್ಲಿದ್ದ ಸ್ಕ್ರೂಡ್ರೈವರ್ ಬಿಟ್ಟು ಎರಡೂ ಕಿವಿ ಮುಚ್ಚಿಕೊಂಡ.

“ಯಪ್ಪಾ! ಅಣ್ಣಾ, ಇದಕ್ಕ ಹಲ್ಲಿಲ್ಲ ಅಂದ್ರೆಲ್ರಿ? ಹರಕೊಂಡು ತಿನ್ನಂಗ ಅದ!” ಎಂದ ಬಸು.

ತಮಾಷೆ ಮಾಡುತ್ತಿದ್ದಾರೆ ಎಂದು ಹಣಮೇಶ ನಕ್ಕ. ಅವರಿಬ್ಬರ ಮುಖದಲ್ಲಿ ತಮಾಷೆ ಇರಲಿಲ್ಲ. ಬಸು ಬಗ್ಗಿ ಟೋನ್ ಗುಂಡಿಯನ್ನು ಪೂರಾ ಇಳಿಸಿ ನುಡಿಸಿದ. ಅಂಗಡಿಯವನು ಕಿವಿಯಿಂದ ಕೈ ತೆಗೆದ. ಬಸು ಮತ್ತೆ ಏರಿಸಿದ. ಅಂಗಡಿಯವನು ಮುಖ ಕಿವುಚಿದ. ಬಸು ಗುಂಡಿಯನ್ನು ಆ ಕಡೆ ಈ ಕಡೆ ತಿರುಗಿಸುತ್ತಲೇ ಇದ್ದ, “ಏನ್ ಫರಕ್ ಅದ ನೋಡ್ರಿ!” ಎನ್ನುತ್ತಿದ್ದ. ಹಣಮೇಶನಿಗೆ ಯಾವ ಫರಕೂ ಕೇಳಲಿಲ್ಲ. ಬಸುವಿನ ಬೆರಳು ತಿರುಗುವುದು ಕಾಣುತ್ತಿತ್ತು, ದನಿ ಇದ್ದಲ್ಲೇ ಇತ್ತು.

ಅವನು ಬಗ್ಗಿ ಸ್ಪೀಕರಿಗೆ ಕಿವಿ ಹಚ್ಚಿದ.

“ಇದು ಕೊಡಂಗಿಲ್ಲ ತಮ್ಮಾ,” ಎಂದು ವಯರ್ ಕಿತ್ತು, ಪೆಡಲನ್ನು ಚೀಲಕ್ಕೆ ಹಾಕಿಕೊಂಡ.

“ಯಾಕ್ರಿ ಅಣ್ಣಾ? ಮಾತಾಗಿತ್ತಲ್ಲ...”

ಹಣಮೇಶ ತಿರುಗಿ ನೋಡದೆ ಬಸ್ ಸ್ಟ್ಯಾಂಡಿನ ಕಡೆ ನಡೆದ.

ಬಸ್ಸಿನಲ್ಲಿ ಕಂಡಕ್ಟರ್ ಅವನ ಸೀಟಿನ ಪಕ್ಕದಲ್ಲೇ ನಿಂತಿದ್ದ. ದೋರನಹಳ್ಳಿ ಬಂದಾಗ ವಿಷಲನ್ನು ಬಾಯಿಗಿಟ್ಟ. ಕೆನ್ನೆ ಉಬ್ಬಿದ್ದನ್ನು ಹಣಮೇಶ ಕಣ್ಣಾರೆ ಕಂಡ. ಕೇಳಿದ್ದು ಮಾತ್ರ ಬಾಗಿಲ ಸಂದಿಯಲ್ಲಿ ಗಾಳಿ ನುಸುಳಿದಂಥ ಸದ್ದು. ಬಸ್ಸು ನಿಂತಿತು, ಜನ ಇಳಿದರು. ಕಂಡಕ್ಟರ್ ಮತ್ತೆ ಕೆನ್ನೆ ಉಬ್ಬಿಸಿದ. ಹಣಮೇಶ ಮುಖ ಕಿಟಕಿಗೆ ತಿರುಗಿಸಿಕೊಂಡು ಸುರಪುರ ಬರುವವರೆಗೂ ಆ ಕಡೆ ನೋಡಲಿಲ್ಲ.

ಅಂದಿನಿಂದ ಅವನಿಗೆ ಬೇರೆ ವಿಚಾರವೇ ಉಳಿಯಲಿಲ್ಲ. ಗಡಿಯಾರವನ್ನು ಕಿವಿಗೆ ಒತ್ತಿ ಹಿಡಿದು ನೋಡಿದ. ಹಿತ್ತಲಲ್ಲಿ ಹುಲ್ಲು ಬೆಳೆದಿತ್ತು, ಸಂಜೆಯಾದರೆ ಜೀರುಂಡೆಗಳು ಕಿವಿ ತೂತು ಬೀಳುವಂತೆ ಕೂಗುತ್ತಿದ್ದ ಜಾಗ ಅದು. ಹೋಗಿ ನಿಂತರೆ ನಿಶ್ಶಬ್ದ. ಅವು ಯಾವಾಗ ಸುಮ್ಮನಾದವು ಎಂದು ನೆನಪು ಮಾಡಿಕೊಳ್ಳಲು ನೋಡಿದ, ಆಗಲಿಲ್ಲ. ಕಿವಿ ಪರೀಕ್ಷೆಯ ಆಪ್ ಒಂದನ್ನು ಮೊಬೈಲಿಗೆ ಇಳಿಸಿಕೊಂಡ. ಸದ್ದು ಎಷ್ಟು ಚೂಪು ಎಂದು ತೋರಿಸುವ ಅಂಕಿ ಪರದೆಯ ಮೇಲೆ ಏರುತ್ತಾ ಹೋಯಿತು. ಮೊದಮೊದಲು ಸದ್ದು ಕೇಳಿತು, ಆಮೇಲೆ ತೆಳ್ಳಗಾಯಿತು, ಆಮೇಲೆ ಅಂಕಿ ಮಾತ್ರ ಏರುತ್ತಿತ್ತು. ಆಪ್ ಅಳಿಸಿಬಿಟ್ಟ.

ಯಾರಿಗೆ ಹೇಳುವುದು? ಯಂತ್ರದ ಬೇರಿಂಗ್ ಕಿರುಗುಟ್ಟುವುದನ್ನು ದೂರದಿಂದಲೇ ಹಿಡಿಯುತ್ತಾನೆಂದು ಮಿಲ್ಲಿನಲ್ಲಿ ಅವನಿಗೆ ಹೆಸರಿತ್ತು. ಈಗ ಹೊಳೆಯಿತು, ಇತ್ತೀಚೆಗೆ ಬೇರಿಂಗುಗಳು ಹೊಗೆ ಬಂದ ಮೇಲೆಯೇ ಅವನಿಗೆ ತಿಳಿಯುತ್ತಿದ್ದವು. ಇದು ಮ್ಯಾನೇಜರಿಗೆ ಗೊತ್ತಾದರೆ? ಆರ್ಕೆಸ್ಟ್ರಾದವರಿಗೆ ಗೊತ್ತಾದರೆ? ಇನ್ನುಳಿದದ್ದೂ ಹೋದರೆ? ಬೆಳಿಗ್ಗೆ ಏಳುತ್ತಲೇ ಬೆರಳು ಚಿಟಿಕೆ ಹೊಡೆದು ಎಡಕ್ಕೆ ಕೇಳುತ್ತದೆಯೇ, ಬಲಕ್ಕೆ ಕೇಳುತ್ತದೆಯೇ ಎಂದು ನೋಡಿಕೊಳ್ಳತೊಡಗಿದ. ಕೇಳಿದರೂ ಹೆದರಿಕೆ ಹೋಗುತ್ತಿರಲಿಲ್ಲ, ನಿನ್ನೆಗಿಂತ ಕಡಿಮೆ ಕೇಳಿತೇನೋ ಎನಿಸುತ್ತಿತ್ತು.

ಒಂದು ಮಧ್ಯಾಹ್ನ ಮಿಲ್ಲಿನ ಅಂಗಳ ದಾಟುವಾಗ ಹಿಂದಿನಿಂದ ಯಾರೋ ಅವನ ಕಾಲರ್ ಹಿಡಿದು ಎಳೆದರು. ಬೆನ್ನ ಮೇಲೆ ಬಿದ್ದ. ಹತ್ತಿ ತುಂಬಿದ ಲಾರಿಯ ಹಿಂದಿನ ಗಾಲಿ ಅವನ ಕಾಲಿನಿಂದ ಕಳಚಿದ ಚಪ್ಪಲಿಯ ಮೇಲೆ ಹಾದು ನಿಂತಿತು. ಎಳೆದವನು ಮೂಟೆ ಹೊರುವ ಒಬ್ಬ ಹಮಾಲ.

“ಸಾಯಾಕ ಬಂದೀಯೇನಲೇ? ರಿವರ್ಸ್ ಲಾರಿ ಅಷ್ಟೊತ್ತಿನಿಂದ ಪೀಂ ಪೀಂ ಅಂತ ಒದರಾಕತ್ತದ, ಕೇಳಂಗಿಲ್ಲೇನು?”

ಮಿಲ್ಲಿನ ಗುಡುಗಿನಂಥ ಸದ್ದು ಕೇಳುತ್ತಿತ್ತು. ಲಾರಿಯ ಇಂಜಿನ್ ಆ ಗುಡುಗಿನಲ್ಲೇ ಕಲೆತುಹೋಗಿತ್ತು. ಪೀಂ ಪೀಂ ಎಂಬುದು ಅವನ ಪಾಲಿಗೆ ಇರಲೇ ಇಲ್ಲ. ಎದ್ದು ಮಣ್ಣು ಕೊಡವಿ, ಗಾಲಿ ಹಾದ ಚಪ್ಪಲಿಯನ್ನು ಎತ್ತಿಕೊಂಡ.

ಅಂದು ಮನೆಯಲ್ಲಿ ರೊಟ್ಟಿ ಮುರಿದವನು ಬಾಯಿಗಿಡಲಿಲ್ಲ. ಚಂದ್ರಕಲಾ ಎದುರು ಬಂದು ಕೂತಳು.

“ಏನಾಗ್ಯಾದ್ರಿ? ಹೇಳ್ರಿ.”

“ನನಗ ಕಿವಿ ಕೇಳಾಕತ್ತಿಲ್ಲ,” ಎಂದ.

ಅವಳು ರೊಟ್ಟಿಯ ತಟ್ಟೆಯನ್ನು ಪಕ್ಕಕ್ಕೆ ಸರಿಸಿದಳು. “ಭಾಳ ದಿನ ಆತ್ರಿ, ಹಿಂದಿನಿಂದ ಕರದ್ರ ನೀವು ತಿರಗಂಗಿಲ್ಲ. ನನ್ನ ಮ್ಯಾಗ ಸಿಟ್ಟು ಅದ ಅಂತ ತಿಳಕೊಂಡಿದ್ದೆ. ಏನ್ ತಪ್ಪು ಮಾಡೀನಿ ಅಂತ ಒಬ್ಬಾಕೀನೇ ವಿಚಾರ ಮಾಡ್ತಿದ್ದೆ.”

“ಸಿಟ್ಟಲ್ಲ ಚಂದ್ರಿ.”

“ಗೊತ್ತಾತಲ್ಲ ಈಗ. ನಾಳಿ ಯಾದಗಿರಿಗಿ ಹೋಗಣು, ತೋರಸೂಣು.”

ಯಾದಗಿರಿಯಲ್ಲಿ ಕಿವಿ ಪರೀಕ್ಷೆ ಮಾಡುವವಳ ಹೆಸರು ಶಾಂಭವಿ. ದಪ್ಪ ಗೋಡೆಯ ಸಣ್ಣ ಕೋಣೆಯಲ್ಲಿ ಕೂರಿಸಿ, ತಲೆಗೆ ಹೆಡ್‌ಫೋನ್ ಹಾಕಿ, ಕೈಗೆ ಒಂದು ಗುಂಡಿ ಕೊಟ್ಟಳು. ಸದ್ದು ಎಷ್ಟೇ ಸಣ್ಣಗೆ ಕೇಳಿದರೂ ಗುಂಡಿ ಒತ್ತಬೇಕು ಎಂದಳು. ಬಾಗಿಲು ಮುಚ್ಚಿತು. ಗಾಜಿನಾಚೆ ಅವಳ ಕೈಗಳು ಕಾಣುತ್ತಿದ್ದವು. ಮೊದಲ ಸದ್ದುಗಳು ಕೇಳಿದವು, ಒತ್ತಿದ. ಆಮೇಲೆ ಅವಳ ಬೆರಳು ಆಡುತ್ತಿತ್ತು, ಹೆಡ್‌ಫೋನಿನಲ್ಲಿ ಏನೂ ಇರಲಿಲ್ಲ. ಅವನಿಗೆ ಎದೆ ಬಡಿತ ಮಾತ್ರ ಕೇಳುತ್ತಿತ್ತು. ಭಯ ತಾಳಲಾರದೆ ಅವಳ ಬೆರಳು ಆಡಿದಾಗ ಸುಮ್ಮನೆ ಗುಂಡಿ ಒತ್ತಿಬಿಟ್ಟ. ಅವಳು ತಲೆ ಎತ್ತಿ ನೋಡಿ, ಒಳಗೆ ಬಂದು ಅವನ ಕುರ್ಚಿಯನ್ನು ಗೋಡೆಯ ಕಡೆ ತಿರುಗಿಸಿ ಹೋದಳು. ಹಣಮೇಶ ಕಣ್ಣು ಮುಚ್ಚಿಕೊಂಡ. ಇನ್ನು ಮೋಸ ಮಾಡಲಿಲ್ಲ. ಕಾದ, ಕಾದ. ಕತ್ತಲೆಯಲ್ಲಿ ಯಾರೋ ಕರೆಯುತ್ತಿದ್ದಾರೆ, ತನಗೆ ತಿಳಿಯುತ್ತಿಲ್ಲ ಎಂಬಂತಿತ್ತು.

ಹೊರಗೆ ಬಂದಾಗ ಶಾಂಭವಿ, ಅವನಿಗೆ ಎಷ್ಟು ಕೇಳುತ್ತದೆ ಎಂದು ತೋರಿಸುವ ಗೆರೆಯ ಚಿತ್ರವೊಂದನ್ನು ತೋರಿಸಿದಳು. ಗೆರೆ ಮೊದಲು ನೆಟ್ಟಗೆ ಸಾಗಿ ಒಮ್ಮೆಲೇ ಬಾವಿಗೆ ಇಳಿದಂತೆ ಕೆಳಗೆ ಬಿದ್ದಿತ್ತು.

“ದಪ್ಪ ಸದ್ದು ಕೇಳಸ್ತದ, ಸಣ್ಣ ಚೂಪು ಸದ್ದು ಹೋಗ್ಯಾವ್ರಿ. ಮಿಲ್ಲಿನ ಗದ್ದಲ, ಸ್ಟೇಜಿನ ಗದ್ದಲ, ಎರಡೂ ಸೇರಿ ತಿಂದಾವು. ಹೋದದ್ದು ತಿರುಗಿ ಬರಂಗಿಲ್ಲ.”

“ಪೂರಾ ಕಿವುಡ ಆಗ್ತೀನೇನ್ರಿ ಮೇಡಂ?”

“ಕಿವಿಗಿ ಏನೂ ಹಾಕೊಳ್ಳದಂಗ ಅದೇ ಮಿಲ್ಲಿನಾಗ ನಿಂತ್ರ ಇನ್ನೂ ಹೋಗ್ತದ. ಕಿವಿ ಕಾಯ್ಕೊಂಡ್ರ ಇದ್ದದ್ದು ಬಹಳಷ್ಟು ಉಳೀತದ.”

ತಿರುಗಿ ಬರುವಾಗ ಬಸ್ಸಿನಲ್ಲಿ ಚಂದ್ರಕಲಾ ಅವನ ಕಿವಿಯ ಹತ್ತಿರ ಬಾಗಿ ಕೇಳಿದಳು, “ಆ ರಾಯಚೂರು ಹುಡುಗೀದು ಏನ್ ಮಾಡ್ತೀರಿ? ನಿಮ್ಮ ಮಾತಿನಿಂದ ಆಕೀ ಮಾಲು ನಿಂತದಲ್ಲ.”

ಅವನು ಅದಕ್ಕೇ ಹೆದರುತ್ತಿದ್ದ. ಹೇಳಿದರೆ ಊರಿಗೆಲ್ಲ ಗೊತ್ತಾಗುತ್ತದೆ. ಕಿವಿ ಕೇಳದ ಫಿಟ್ಟರ್, ಕಿವಿ ಕೇಳದ ವಾದಕ. ಸುಮ್ಮನಿದ್ದರೆ ಯಾರಿಗೂ ತಿಳಿಯುವುದಿಲ್ಲ. ಮನೆಗೆ ಬಂದ ಮೇಲೆ ಫೋನ್ ಕೈಯಲ್ಲಿ ಹಿಡಿದು ಕೂತು, ಇಟ್ಟು, ಮತ್ತೆ ಹಿಡಿದು, ಕೊನೆಗೆ ಅಲ್ಮಾಸಳಿಗೆ ಹಚ್ಚಿದ. ಎಲ್ಲ ಹೇಳಿದ. ಆ ಕಡೆ ಮಾತೇ ಬರಲಿಲ್ಲ. ಅವಳು ಮಾತಾಡುತ್ತಿಲ್ಲವೋ ತನಗೆ ಕೇಳುತ್ತಿಲ್ಲವೋ ತಿಳಿಯದೆ, “ಹಲೋ? ಹಲೋ?” ಎಂದ.

“ಇದ್ದೀನ್ರಿ,” ಎಂದಳು ಅಲ್ಮಾಸ. “ನನ್ನ ಕೈಯಾಗೇ ಏನೋ ತಪ್ಪಾಗ್ಯಾದ ಅಂತ ಅಂಜಿಬಿಟ್ಟಿದ್ದೆ. ಮಾಡಿಟ್ಟ ಪೆಡಲ್ ಎಲ್ಲಾ ಬಿಚ್ಚಿ ಮತ್ತ ಕಟ್ಟೀನಿ.” ಆಮೇಲೆ, “ನನ್ನ ಮುಂದ ಹೇಳಿದ್ರ ಏನ್ ಬಂತು ಭಾಯ್? ವಿಡಿಯೊದಾಗ ಹೇಳ್ರಿ,” ಎಂದಳು.

ಅವನು ಹೇಳಿದ. ಈ ಸಲ ಪೆಡಲ್ ನುಡಿಸಿ, ಪಕ್ಕದಲ್ಲಿ ಚಂದ್ರಕಲಾಳನ್ನು ಕೂರಿಸಿಕೊಂಡು ಅವಳಿಗೆ ಕೇಳಿದ್ದನ್ನು ಅವಳಿಂದಲೇ ಹೇಳಿಸಿದ. “ಒಣಗಿದ ಜೋಳದ ದಂಟು ಒಮ್ಮೆಲೇ ಮುರದಂಗ ಚಟಚಟ ಅಂತದ್ರಿ,” ಎಂದಳು ಅವಳು ಸೆರಗು ಸರಿಮಾಡಿಕೊಳ್ಳುತ್ತ. “ಹಲ್ಲು ಬೇಕನ್ನವರಿಗಿ ಹಲ್ಲು ಭಾಳ ಅವ. ನನಗಂತೂ ಬ್ಯಾಡ.” ಆಮೇಲೆ ಹಣಮೇಶ ತನ್ನ ಕಿವಿಯ ಸಂಗತಿ ಹೇಳಿದ. ವಿಡಿಯೊ ಹಾಕುವ ಮೊದಲು ಬೆರಳು ಬಹಳ ಹೊತ್ತು ಪರದೆಯ ಮೇಲೆ ನಿಂತಿತ್ತು.

ಹೆದರಿದ್ದರಲ್ಲಿ ಕೆಲವು ನಡೆದವು, ಕೆಲವು ನಡೆಯಲಿಲ್ಲ. ಕೆಲವರು ಹೀಯಾಳಿಸಿದರು. ಆರ್ಕೆಸ್ಟ್ರಾದವರು ಒಂದು ಮದುವೆಗೆ ಬೇರೆಯವನನ್ನು ಕರೆದೊಯ್ದರು, ಅವನ ತಾಳ ಕೂಡದೆ ಮತ್ತೆ ಹಣಮೇಶನನ್ನೇ ಕರೆದರು. ಮಿಲ್ಲಿನ ಮ್ಯಾನೇಜರ್ ಕರೆದು ಬಯ್ದ, ಕೆಲಸದಿಂದ ತೆಗೆಯಲಿಲ್ಲ. ಕೆಂಡವನ್ನು ಬಸು ಮನೆಗೇ ಬಂದು ಕೊಂಡು ಒಯ್ದ. ಅಲ್ಮಾಸಳ ಬಳಿ ಹಿಂದೆ ಸರಿದವರಲ್ಲಿ ಕೆಲವರು ಮರಳಿದರು, ಎಲ್ಲರೂ ಅಲ್ಲ. ಅವಳು ಮತ್ತೆ ಫೋನ್ ಮಾಡಲಿಲ್ಲ.

ಹಣಮೇಶ ಕಿವಿ ಮುಚ್ಚುವ ದಪ್ಪ ಕವಚ ಕೊಂಡು ಮಿಲ್ಲಿನಲ್ಲಿ ಹಾಕಿಕೊಳ್ಳತೊಡಗಿದ. ಮೊದಲು ಎಲ್ಲರೂ ನಕ್ಕರು. ಒಂದು ದಿನ ಚಹಾದ ಹೊತ್ತಿನಲ್ಲಿ ಜಿನ್ನಿಂಗ್ ಮಷೀನ್ ನಡೆಸುವ ಹಿರಿಯ ರಂಗಣ್ಣ ಅವನನ್ನು ಬೇಲಿಯ ಕಡೆ ಕರೆದೊಯ್ದ.

“ಆ ಪರೀಕ್ಷಾ ಮಾಡಿದ್ರಲ್ಲ, ನೋಯ್ತದೇನೋ ಹಣಮೇಶಾ?”

“ನೋಯಂಗಿಲ್ಲ ಕಾಕಾ. ಅಂಜಿಕಿ ಆಗ್ತದ.”

ರಂಗಣ್ಣ ಸುತ್ತಮುತ್ತ ನೋಡಿದ. “ನನ್ನ ಜೋಡಿ ಬರ್ತೀಯೇನು?”

ಮಿಲ್ಲಿಗೆ ರಜೆ ಇದ್ದ ದಿನ ಇಬ್ಬರೂ ಯಾದಗಿರಿಗೆ ಹೋದರು. ಹಣಮೇಶನೇ ಮೊದಲು ಒಳಗೆ ಹೋದ. ಅವನ ಗೆರೆ ಹಿಂದಿಗಿಂತ ಕೆಳಗೆ ಇಳಿದಿರಲಿಲ್ಲ. ಆಮೇಲೆ ರಂಗಣ್ಣ ತಲೆಯ ರುಮಾಲು ತೆಗೆದು ಹಣಮೇಶನ ಕೈಗೆ ಕೊಟ್ಟು ಒಳಗೆ ಕೂತ. ಗಾಜಿನ ಮೂಲಕ ಅವನ ಹೆಬ್ಬೆರಳು ಕಾಣುತ್ತಿತ್ತು. ಗುಂಡಿಯ ಮೇಲೆ ಅಲುಗದೆ ಕೂತಿತ್ತು. ಶಾಂಭವಿ ಸದ್ದು ಏರಿಸಿದಳು. ಇನ್ನೂ ಏರಿಸಿದಳು. ಹಣಮೇಶ ರುಮಾಲನ್ನು ಹಿಂಡಿ ಹಿಡಿದು ನಿಂತ. ಬಹಳ ಹೊತ್ತಾದ ಮೇಲೆ ಆ ಹೆಬ್ಬೆರಳು ಗುಂಡಿಯನ್ನು ಒಮ್ಮೆ ಒತ್ತಿತು.