ನಾಗವೇಣಿ ಮೇಡಂ ಮತ್ತು ಸಿಗದ ಪದಗಳು

ನಾಗವೇಣಿ ಮೇಡಂ ಎದುರು ಬಾಯಿ ಬಿಡುವುದೇ ಕಷ್ಟವಾಗಿತ್ತು. ಯಾರಾದರೂ 'ಊಟಕ್ಕ ಹೋಗಿ ಬರ್ತೀನ್ರಿ' ಅಂದರೆ ಸಾಕು, ಕಣ್ಣು ಮುಚ್ಚಿ ಬೆರಳು ಮಡಚುತ್ತ, "ರಿ ತೆಗಿ, ಈನಿ ತೆಗಿ, ತ ತೆಗಿ... ಉಳಿದಿದ್ದು ಬರು" ಎಂದು ಗೊಣಗುತ್ತಿದ್ದರು. ಅಷ್ಟೊತ್ತಿಗೆ ಹೇಳಿದವರು ಊಟ ಮುಗಿಸಿ ಬಂದಿರುತ್ತಿದ್ದರು.

ಕನ್ನಡ ಕಲಿಯುವವರಿಗೆಂದು ನಾವು ಅಂತರ್ಜಾಲದಲ್ಲೊಂದು ನಿಘಂಟು ಕಟ್ಟುತ್ತಿದ್ದೆವು. ಹರಪನಹಳ್ಳಿಯ ಮೆಕ್ಕೆಜೋಳದ ಅಂಗಡಿಯೊಂದರ ಮೇಲಿನ ಕೋಣೆಯೇ ಕಚೇರಿ. ಕಂಪ್ಯೂಟರ್ ಮೇಲೆ ಸದಾ ಜೋಳದ ಧೂಳು. ಪ್ರೋಗ್ರಾಂ ಬರೆಯುವವನು ನಾನು. ನಿಯಮ ಹೇಳುವವರು ಮೇಡಂ, ಕೊಟ್ಟೂರಿನಿಂದ ಬಸ್ಸಿನಲ್ಲಿ ಬರುತ್ತಿದ್ದ ನಿವೃತ್ತ ಕನ್ನಡ ಶಿಕ್ಷಕಿ. ಕಲಿಯುವವರು ಕಿವಿಗೆ ಬಿದ್ದ ಹಾಗೇ ಪದ ಟೈಪ್ ಮಾಡುತ್ತಾರೆ. ಅದರ ಬಾಲ ಕತ್ತರಿಸಿ ಮೂಲಪದ ಹುಡುಕುವುದು ಯಂತ್ರದ ಕೆಲಸ. ಪುಸ್ತಕದ ಕನ್ನಡವಾದರೆ ಹುಡುಕುತ್ತಿತ್ತು. ನಮ್ಮ ಕಡೆಯ ಮಾತಿಗೆ ಎಡವುತ್ತಿತ್ತು.

ಒಮ್ಮೆ ಮೇಡಂ ಕೂಡ್ಲಿಗಿ ಕಡೆಯ ಆಸ್ಪತ್ರೆಯೊಂದರಿಂದ ಮುಖ ಬಾಡಿಸಿಕೊಂಡು ಬಂದರು. ಅಲ್ಲಿ ಸಾಲಿನಲ್ಲಿ ನಿಂತಿದ್ದ ಅಜ್ಜಿಯೊಬ್ಬಳು "ತಲಿ ತಿರುಗಾಕತ್ತೈತಿ" ಅಂದಳಂತೆ. ಒಡಿಶಾದಿಂದ ಬಂದಿದ್ದ ಎಳೆಯ ನರ್ಸ್ ಆ ಮಾತನ್ನು ಮೊಬೈಲಿನಲ್ಲಿ ನಮ್ಮ ನಿಘಂಟಿಗೇ ಟೈಪ್ ಮಾಡಿದಳು. 'ಪದ ಸಿಗಲಿಲ್ಲ' ಎಂದು ಬಂತು. ಅವಳು ಇನ್ನೊಮ್ಮೆ ಟೈಪ್ ಮಾಡುವಷ್ಟರಲ್ಲಿ ಅಜ್ಜಿ ಕುಸಿದುಬಿದ್ದಳು.

"ಅಜ್ಜಿ ಹೇಳಿದ್ದು ಸರಿ ಐತಿ, ಆ ಹುಡುಗಿ ಕೇಳಿದ್ದೂ ಸರಿ ಐತಿ. ನಡುವ ನಿಂತೀವಲ್ಲ, ನಾವು ಮೂಕರಾಗೀವಪ್ಪ" ಅಂದರು ಮೇಡಂ.

ಅಜ್ಜಿ ಚೇತರಿಸಿಕೊಂಡಳು. ಮೇಡಂಗೆ ಮಾತ್ರ ಸಮಾಧಾನವಾಗಲಿಲ್ಲ. 'ತಿರುಗಾಕತ್ತೈತಿ'ಯಿಂದ 'ತಿರುಗು'ವಿಗೆ ದಾರಿ ಮಾಡಿದೆವು. ಆದರೆ ಒಂದು ನಿಯಮ ಹಾಕಿದರೆ ಇನ್ನೊಂದು ಕೆಡುತ್ತಿತ್ತು. 'ಮನಿ'ಯನ್ನು 'ಮನೆ' ಮಾಡಲು ಹೋದರೆ, 'ಬಳಿ' ಹುಡುಕಿದವರಿಗೆಲ್ಲ ಬಳೆ ಸಿಕ್ಕಿತು. ಮೇಡಂ ಹಣೆ ಒತ್ತಿಕೊಂಡು, "ಎರಡೂ ತೋರ್ಸಪ್ಪ. ಯಾವ್ದು ಬೇಕೋ ಅವ್ರೇ ತಗಂತಾರ" ಅಂದರು. ಹೀಗೇ ಎರಡು ಬೇಸಿಗೆ ಕಳೆದವು. ಅವರ ಕಣ್ಣು ಸೋತವು, ಕಾಲು ಬಾತವು.

ಕೊನೆಗೆ ಯೋಜನೆ ನಡೆಸುವವರು ನಗರದಿಂದ ಫೋನ್ ಮಾಡಿ, ಆಡುಮಾತಿನ ರೂಪಗಳಿಂದ ಕಲಿಯುವವರಿಗೆ ಗೊಂದಲ, ಎಲ್ಲ ತೆಗೆದುಬಿಡಿ ಎಂದರು. ಮೇಡಂ ನನ್ನ ಕೈಯಿಂದ ಫೋನ್ ಕಸಿದುಕೊಂಡರು.

"ಸರ್, ಅಜ್ಜಿ ಪುಸ್ತಕದಾಗ ಬೀಳಲಿಲ್ರಿ, ಆಸ್ಪತ್ರಿ ಕಲ್ಲಿನ ಮ್ಯಾಲೆ ಬಿದ್ಲು. ತೆಗೀಬ್ಯಾಡ್ರಿ."

ತೆಗೆಯಲಿಲ್ಲ. ಗೆದ್ದ ಖುಷಿಯೇನೂ ಮೇಡಂ ಮುಖದಲ್ಲಿರಲಿಲ್ಲ. ಮೇಜಿನ ಮೇಲೆ ತಲೆಯಿಟ್ಟು ಬಹಳ ಹೊತ್ತು ಮಲಗಿದರು. ಆಮೇಲೆ ಕಚೇರಿಗೆ ಬರುವುದು ಕಡಿಮೆಯಾಯಿತು, ನಿಂತೇಹೋಯಿತು. ಈ ಚಳಿಗಾಲದಲ್ಲಿ ಹೃದಯದ ಕಾಯಿಲೆಯಿಂದ ತೀರಿಕೊಂಡರು.

ಅದಕ್ಕೆ ತುಸು ಮುಂಚೆ ಕೊಟ್ಟೂರಿಗೆ ಹೋಗಿದ್ದೆ. ಕೇಳಲು ಸಂಶಯಗಳ ರಾಶಿಯೇ ಇತ್ತು. ಲ್ಯಾಪ್‌ಟಾಪ್ ತೆರೆಯುತ್ತಿದ್ದಂತೆ ಮಂಚದಿಂದಲೇ ಕೈಯಾಡಿಸಿದರು. "ಇವತ್ತು ಬ್ಯಾಡಪ್ಪ. ಕುಂದ್ರು, ಚಾ ಕುಡಿ." ಹೊರಗೆ ನಲ್ಲಿಯ ಹತ್ತಿರ ಜಗಳ ನಡೆದಿತ್ತು. "ನಿನ್ ಕೊಡಕ್ಕ ತಳ ಐತೋ ಇಲ್ಲೋ, ತುಂಬವಲ್ದಲ್ಲ!" ಎಂದು ಹೆಂಗಸೊಬ್ಬಳು ಕೂಗಿದಳು. ಮೇಡಂ ಈ ಸಲ ಬೆರಳು ಮಡಚಲಿಲ್ಲ, ಕೆಮ್ಮು ಬರುವಷ್ಟು ನಕ್ಕರು. ಆಮೇಲೆ ಗೋಡೆಯ ಕಡೆ ಹೊರಳಿ ನಿದ್ದೆಹೋದರು. ನಾನು ಚಹಾ ಕುಡಿದು, ಲೋಟ ತೊಳೆದಿಟ್ಟು ಬಸ್ಸಿಗೆ ಹೊರಟೆ.