ಎದ್ದು ನಿಂತ ಮರಿ

ಸಿನಿಮಾದಲ್ಲಿ ಮನುಷ್ಯ ಹಾರುವುದಕ್ಕೆ ನನ್ನ ತಕರಾರು ಯಾವತ್ತೂ ಇರಲಿಲ್ಲ. ಈಗಿನ ಮಕ್ಕಳು ಟಿವಿ ಮುಂದೆ ಕೂತು, ಅಷ್ಟು ಎತ್ತರದಿಂದ ಬಿದ್ದವನ ಮೂಳೆ ಮುರಿಯುವುದಿಲ್ಲವೇ ಎಂದು ವಾದ ಮಾಡುವಾಗ ನಗು ಬರುತ್ತದೆ. ಹಾರಿದರೆ ಹಾರಲಿ, ನಮ್ಮಪ್ಪನ ಗಂಟೇನು ಹೋಗುತ್ತದೆ! ನನ್ನ ಸಿಟ್ಟು ಬೇರೆಯದು. ಎಪ್ಪತ್ತರ ದಶಕದ್ದು, ಇನ್ನೂ ಆರಿಲ್ಲ.

ನಮ್ಮದು ಹೊಳಲ್ಕೆರೆ ಕಡೆಯ ಕುರಿ ಸಾಕುವ ಮನೆ. ಆಗ ನನಗೆ ಹತ್ತು ವರ್ಷ. ತಾಯಿ ಸತ್ತ ಒಂದು ಬಿಳಿ ಮರಿಯನ್ನು ನಾನೇ ಮೇಕೆ ಹಾಲು ಕುಡಿಸಿ ಬದುಕಿಸಿದ್ದೆ. ನಮ್ಮಲ್ಲಿ ಒಬ್ಬೊಬ್ಬ ಕುರಿಗಾರನೂ ತನ್ನ ಕುರಿಗಳ ಕಿವಿಗೆ ಒಂದೊಂದು ಥರ ಕಚ್ಚು ಹಾಕುತ್ತಾನೆ, ಹಿಂಡು ಬೆರೆತರೆ ಗುರುತು ಸಿಗಲೆಂದು. ನಮ್ಮದು ಎಡಗಿವಿಯ ತುದಿಗೆ ಎರಡು ಕಚ್ಚು. ಆ ಮರಿಗೆ ಕಚ್ಚು ಹಾಕಿದ ದಿನ ಅದರ ತಲೆ ಹಿಡಿದುಕೊಂಡಿದ್ದವಳು ನಾನೇ.

ಆ ವರ್ಷ ದುರ್ಗದ ಕೋಟೆಯ ಹಿಂದಿನ ಗುಡ್ಡದಲ್ಲಿ ಶೂಟಿಂಗ್ ನಡೆಯಿತು. ಹಾರುವ ವೀರನ ಕಥೆ. ಅವನು ಸತ್ತ ಮರಿಯನ್ನು ಮುಟ್ಟಿ ಬದುಕಿಸುವ ದೃಶ್ಯಕ್ಕೆ ಬಿಳಿ ಮರಿ ಹುಡುಕುತ್ತಾ ಸಿನಿಮಾದವರು ನಮ್ಮ ಹಟ್ಟಿಗೂ ಬಂದರು. ಮರಿ ಕೊಟ್ಟರೆ ಅಪ್ಪನನ್ನೂ ಪಿಚ್ಚರಿನಲ್ಲಿ ನಿಲ್ಲಿಸುತ್ತೇವೆ ಅಂದರು. ಅಪ್ಪನಿಗೆ ಸಿನಿಮಾ ಅಂದರೆ ಜೀವ. ನಾನು ಮರಿಯನ್ನು ತಬ್ಬಿಕೊಂಡು, ಕೊಡುವುದಿಲ್ಲ ಎಂದು ಹಟ ಹಿಡಿದೆ.

“ಪಿಚ್ಚರ್‌ನಾಗೆ ಸಾಯೋರು ಯಾರೂ ನಿಜವಾಗಿ ಸಾಯಲ್ಲ ಕಣವ್ವ. ಅದೆಲ್ಲಾ ಆಟ,” ಅಂದ ಅಪ್ಪ.

ನಂಬಿದೆ. ನಾನೇ ಕೈಯಾರೆ ಮರಿಯನ್ನು ಅವನ ಕಂಬಳಿಯೊಳಗೆ ಇಟ್ಟೆ. ನಾಲ್ಕು ದಿನ ಬಿಟ್ಟು ಅಪ್ಪ ಒಬ್ಬನೇ ಬಂದ. ಮರಿ ಸಿನಿಮಾದವರಿಗೆ ಬಲು ಹಿಡಿಸಿತಂತೆ, ಜೊತೆಗೇ ಕರೆದುಕೊಂಡು ಹೋದರಂತೆ, ಅಲ್ಲಿ ಅದಕ್ಕೆ ಮೂರು ಹೊತ್ತೂ ಹಸಿ ಸೊಪ್ಪಂತೆ. ಅತ್ತು ಅತ್ತು, ಆಮೇಲೆ ಸಮಾಧಾನ ಮಾಡಿಕೊಂಡೆ. ಅಪ್ಪನಂತೂ ಕಂಡಕಂಡವರಿಗೆಲ್ಲ ಬಂಡೆಯ ಸುದ್ದಿಯನ್ನೇ ಹೇಳಿದ: ವೀರ ಎತ್ತುವ ಬಂಡೆ ರಟ್ಟಿನದು, ತಾನೂ ಒಂದೇ ಕೈಯಲ್ಲಿ ಎತ್ತಿದೆ ಎಂದು.

ಪಿಚ್ಚರು ಹೊಳಲ್ಕೆರೆಗೆ ಬರುವಷ್ಟರಲ್ಲಿ ವರ್ಷ ಕಳೆದಿತ್ತು. ಅಪ್ಪ ನನ್ನನ್ನು ಮ್ಯಾಟಿನಿಗೆ ಕರೆದುಕೊಂಡು ಹೋದ. ನಾನು ಮರಿ ನೋಡಲು ಹೋದೆ, ಅವನು ತನ್ನನ್ನು ತಾನು ನೋಡಲು. ವೀರ ಹಾರಿದ. ಸೊಂಟಕ್ಕೆ ಕಟ್ಟಿದ ತಂತಿ ಬಿಸಿಲಿಗೆ ಹೊಳೆದದ್ದು ಕಂಡಿತು, ಆದರೂ ಚಪ್ಪಾಳೆ ತಟ್ಟಿದೆ. ಬಂಡೆ ಎತ್ತಿದ. ರಟ್ಟು ಎಂದು ಗೊತ್ತಿದ್ದೂ ಉಸಿರು ಬಿಗಿಹಿಡಿದೆ.

ಆಮೇಲೆ ಮರಿ ಬಂತು. ನೆಲದ ಮೇಲೆ ಬಿದ್ದಿತ್ತು. ಎಡಗಿವಿಯಲ್ಲಿ ಎರಡು ಕಚ್ಚು. ಹಲ್ಲಿನ ಸಂದಿಯಿಂದ ನಾಲಿಗೆ ಹೊರಗೆ ಬಂದಿತ್ತು. ತೆರೆದ ಕಣ್ಣಿನ ಮೇಲೆ ನೊಣ ಕೂತಿತ್ತು, ರೆಪ್ಪೆ ಅಲ್ಲಾಡಲಿಲ್ಲ. ಮಲಗಿದ ಕುರಿ ಯಾವುದು, ಸತ್ತ ಕುರಿ ಯಾವುದು ಎಂದು ಕುರಿಗಾರರ ಮಕ್ಕಳಿಗೆ ಯಾರೂ ಹೇಳಿಕೊಡಬೇಕಿಲ್ಲ. ವೀರ ಅದರ ಮೈಮೇಲೆ ಕೈಯಾಡಿಸಿದ. ಬೆಳಕು ಝಗ್ಗೆಂದಿತು, ಮರಿ ಎದ್ದು ನಿಂತಿತು. ಅದರ ಎರಡು ಕಿವಿಗಳಲ್ಲೂ ಒಂದು ಕಚ್ಚೂ ಇರಲಿಲ್ಲ. ಟಾಕೀಸಿನ ತುಂಬ ಸಿಳ್ಳೆ.

ತೆರೆಯ ಮೇಲೆ, ಸತ್ತ ಮರಿಯಿಂದ ಮಾರುದೂರದಲ್ಲಿ ಕೈಮುಗಿದು ನಿಂತ ಜನರ ನಡುವೆ ಅಪ್ಪ ಇದ್ದ, ಅದೇ ಕಂಬಳಿ ಹೊದ್ದು. ಪಕ್ಕದಲ್ಲಿ ಕೂತ ಅಪ್ಪ ನನ್ನ ಭುಜ ಅಲ್ಲಾಡಿಸಿ, ಅಗೋ ನಾನು, ನೋಡು ಅನ್ನುತ್ತಿದ್ದ. ಅವನ ಮುಖದಲ್ಲಿದ್ದ ಆ ಸಂತೋಷ ನೆನೆದರೆ ಇವತ್ತಿಗೂ ಹೊಟ್ಟೆ ಉರಿಯುತ್ತದೆ.

ಹೊರಗೆ ಬಂದ ಮೇಲೆ ಹೇಳಿದೆ. “ನೀನು ಅಲ್ಲೇ ಇದ್ದೆ. ಅದು ಸತ್ತಿತ್ತು.”

ಅಪ್ಪ ನನ್ನ ಮುಖ ನೋಡಲಿಲ್ಲ. “ಎದ್ದು ನಿಂತ್ಕಂತಲ್ಲವ್ವ, ನೀನೇ ನೋಡಿದ್ಯಲ್ಲ,” ಅಂದ.

ಬೆರೆತ ಹಿಂಡಿನಲ್ಲಿ ಕಣ್ಣು ಮುಚ್ಚಿ ಕಿವಿ ಸವರಿಯೇ ಇದು ನಮ್ಮದು, ಇದು ಪಕ್ಕದವರದು ಎಂದು ಹೇಳುತ್ತಿದ್ದ ಮನುಷ್ಯ ಅವನು. ಮರಿ ಕೊಟ್ಟಿದ್ದನ್ನಾದರೂ ಕ್ಷಮಿಸುತ್ತಿದ್ದೆನೋ ಏನೋ. ಆ ಎರಡನೆಯ ಮರಿಯನ್ನೂ ನಂಬು ಅಂದನಲ್ಲ, ಅದನ್ನು ಕ್ಷಮಿಸಲಿಲ್ಲ.