ಕುರಿ ನಿಂತ ಮೂಲೆ

ನನಗೆ ಮೂಗಿನ ತುದಿಯಲ್ಲೇ ಸಿಟ್ಟು ಎಂದು ಮನೆಯವರೆಲ್ಲ ಅನ್ನುತ್ತಿದ್ದರು. ಆ ಸಿಟ್ಟು ಒಬ್ಬನ ಬದುಕು ಕೆಡಿಸಿತು ಎಂದು ಮಾತ್ರ ಯಾರೂ ಅನ್ನಲಿಲ್ಲ. ಅದನ್ನು ನಾನೇ ಹೇಳಬೇಕು.

ಧಾರವಾಡದ ಮಗ್ಗುಲಿನ ನಮ್ಮ ಎರೆಹೊಲಕ್ಕೆ ಬೇಸಿಗೆ ಬಂತೆಂದರೆ ಒಬ್ಬ ಕುರಿಗಾರ ಹಿಂಡು ಹೊಡೆದುಕೊಂಡು ಬರುತ್ತಿದ್ದ. ರಾತ್ರಿಗೊಂದು ಕಡೆ ಕುರಿ ತರುಬಿ ನಿಲ್ಲಿಸುತ್ತ ಇಡೀ ಹೊಲ ಮುಗಿಸುತ್ತಿದ್ದ. ಕುರಿಯ ಹಿಕ್ಕೆಯೇ ನಮಗೆ ಗೊಬ್ಬರ; ಅವನಿಗೆ ಅದಕ್ಕೆ ಜೋಳ. ಅಪ್ಪನ ಕಾಲದಿಂದ ನಡೆದು ಬಂದದ್ದು. ಚಿಕ್ಕಂದಿನಲ್ಲಿ ನನ್ನನ್ನು ಹೆಗಲ ಮೇಲೆ ಹೊತ್ತು ತಿರುಗಿದವನು ಅವನು.

ಅಪ್ಪ ತೀರಿದ ಮೇಲೆ, ಮ್ಯಾಟ್ರಿಕ್ ಮುಗಿಸಿದ ನಾನು ಹೊಲ ನೋಡತೊಡಗಿದೆ. ಆ ವರ್ಷ ಸರ್ಕಾರದ ಬೇಸಾಯ ಖಾತೆಯ ಶೇತ್ಕಿ ಸಾಹೇಬರು ಉಪ್ಪಿನಂತೆ ಬೆಳ್ಳಗಿದ್ದ ಹೊಸ ಗೊಬ್ಬರದ ಚೀಲ ಕೊಟ್ಟರು. ಮೊದಲು ಕುರಿಗೊಬ್ಬರವನ್ನೋ ತಿಪ್ಪೆಗೊಬ್ಬರವನ್ನೋ ಹಾಕಿ, ಅದರ ಜೋಡಿ ಇದನ್ನು ಅಳತೆಯಿಂದ ಕೊಡಬೇಕೆಂದು ಬಿಡಿಸಿ ಹೇಳಿದ್ದರು. ಅರ್ಧ ಕೇಳಿದೆ. ಉಳಿದರ್ಧವನ್ನು ನನ್ನ ಶಾಣ್ಯಾತನ ನುಂಗಿತು.

ಕುರಿಗಾರ ಬಂದಾಗ, ಇನ್ನು ನಿನ್ನ ಹಿಕ್ಕೆಯ ಹಂಗು ಬೇಡ ಎಂದು ಊರ ಮುಂದೆಯೇ ಕೂಗಾಡಿದೆ. ಅವನು ಹಿಂಡಿನ ಕಡೆ ನೋಡಿ ಅಂದ:

"ಬ್ಯಾಡಂದ್ರ ಬ್ಯಾಡ್ರಿ. ಕುರಿ ದಣದಾವು, ಇವತ್ತೊಂದಿನ ಆ ಮೂಲ್ಯಾಗ ನಿಲ್ಲಸ್ತೇನಿ."

ಮುಂಜಾನೆ ನೋಡಿದರೆ ಹೋಗಿಬಿಟ್ಟಿದ್ದ. ಅಮ್ಮ ಅಳೆದಿಟ್ಟ ಜೋಳವನ್ನೂ ಮುಟ್ಟಿರಲಿಲ್ಲ. ಓದಿದವನೇ ಬೇಡವೆಂದ ಮೇಲೆ ನಮಗೇಕೆ ಎಂದು ಸುತ್ತಲಿನವರೂ ಅವನನ್ನು ಹೊರಳಿಸಿ ಕಳಿಸಿದರಂತೆ. ಆಗ ನನಗೆ ಅದು ಹೆಮ್ಮೆಯ ಸುದ್ದಿ.

ಬಿಳಿ ಗೊಬ್ಬರವನ್ನು ಹೊಲಕ್ಕೆಲ್ಲ ಉಗ್ಗಿದೆ. ಜೋಳ ಕಪ್ಪಗೆ ಎದ್ದಿತು. ನಾನು ಮೀಸೆ ತಿರುವಿದೆ. ಶ್ರಾವಣದಲ್ಲಿ ಮಳೆ ಕೈಕೊಟ್ಟಿತು ನೋಡಿ, ಎಲೆ ಸುರುಳಿ ಸುತ್ತಿ ಬೆಳೆಯೆಲ್ಲ ಒಣಗಿತು. ಕುರಿ ನಿಂತ ಆ ಮೂಲೆಯೊಂದು ಮಾತ್ರ ಹಸಿರಾಗಿತ್ತು. ಅಲ್ಲಿ ಎರಡೂ ಗೊಬ್ಬರ ಬಿದ್ದಿದ್ದವು; ಹಿಕ್ಕೆ ನೆಲದ ಹಸಿ ಹಿಡಿದಿತ್ತು. ಬರೀ ಕುರಿಗೊಬ್ಬರ ಹಾಕುತ್ತಿದ್ದ ಅಪ್ಪನ ಕಾಲದಲ್ಲೂ ಅಂಥ ತೆನೆ ನಾನು ಕಂಡಿರಲಿಲ್ಲ.

ಮುಂದಿನ ಬೇಸಿಗೆಗೆ ದಾರಿ ಕಾದೆ. ಅವನು ಬರಲಿಲ್ಲ. ಹುಡುಕಿಕೊಂಡು ಹೋದೆ. ಹುಬ್ಬಳ್ಳಿಯ ಅರಳೆ ಪೇಟೆಯಲ್ಲಿ ಹತ್ತಿ ತುಂಬಿದ ಅಂಡಿಗೆ ಹೊರುತ್ತಿದ್ದ. ನಿಲ್ಲಿಸಲು ಹೊಲ ಸಿಗದೆ, ಮೇವಿಲ್ಲದೆ ಅರ್ಧ ಕುರಿ ಸತ್ತವಂತೆ. ಉಳಿದವನ್ನು ಕಟುಕರಿಗೆ ಕೊಟ್ಟನಂತೆ. ಯಾರದೋ ಮನೆಯ ಸುದ್ದಿ ಹೇಳಿದಂತೆ ಹೇಳಿದ. ಆಮೇಲೆ ತಾನೇ ಕೇಳಿದ:

"ಆ ಮೂಲ್ಯಾಗರೆ ಪೀಕ ಛಲೋ ಬಂತೇನ್ರಿ?"

ಅಲ್ಲಿ ಮಾತ್ರ ಬಂತು ಎಂದೆ. ಅವನ ಮುಖ ಅರಳಿತು. ಅದನ್ನು ನೋಡಲಾಗಲಿಲ್ಲ ನನಗೆ. ಪೇಟೆಯ ನಡುವೆ ನಿಂತು ಅತ್ತೆ. ಹಮಾಲರ ಮುಕಾದಮ ಕೂಗಿದ. ಕುರಿಗಾರ ಅಂಡಿಗೆಗೆ ಬೆನ್ನು ಬಗ್ಗಿಸಿದ.

ಅಂದಿನಿಂದ ತಿಪ್ಪೆಗೊಬ್ಬರ, ಬಿಳಿ ಗೊಬ್ಬರ ಎರಡನ್ನೂ ಕೂಡಿಸಿಯೇ ಹಾಕಿದೆ. ನನ್ನ ಬೆಳೆ ನೋಡಲು ಜನ ಬರುತ್ತಿದ್ದರು, ಯಾರು ಕಲಿಸಿದರೆಂದು ಕೇಳುತ್ತಿದ್ದರು. ಪ್ರತಿ ಸಲವೂ ಸಾಹೇಬರು ಎಂದುಬಿಟ್ಟೆ; ಕುರಿ ನಿಂತ ಆ ಮೂಲೆಯ ಮಾತು ಎತ್ತಲಿಲ್ಲ.